ವಿಜ್ಞಾಪನೆಯಲ್ಲಿ ಹೆಸರುಗಳು ಇರಲೇಬೇಕು

ನಮ್ಮ ಚರ್ಚಿನ ಪ್ಯಾರಿಷ್ ಮಂಡಳಿಯ ಮುಂದೆ ಬಂದ ಒಂದು ಸಲಹೆಯನ್ನು ನಾನು ಖಡಾಖಂಡಿತವಾಗಿ ವಿರೋಧಿಸಿದೆ. ಭಾನುವಾರದ ಆರಾಧನೆ ಉದ್ದವಾಗುತ್ತಿದೆ, ಇತರರಿಗಾಗಿ ಬೇಡುವ ವಿಜ್ಞಾಪನಾ ಪ್ರಾರ್ಥನೆಯಲ್ಲಿ ಕಾಯಿಲೆಯವರ ಹೆಸರುಗಳನ್ನು ಒಂದೊಂದಾಗಿ ಓದುವ ಬದಲು ‘ಅಸ್ವಸ್ಥರೆಲ್ಲರಿಗಾಗಿ’ ಎಂದರೆ ಸಾಕು ಎಂಬುದು ಆ ಸಲಹೆ. ಸಮಯ ಉಳಿಸಬೇಕಿದ್ದರೆ ಪ್ರಕಟಣೆಗಳನ್ನು ಮೊಟಕುಗೊಳಿಸೋಣ, ಹೆಸರುಗಳ ತಂಟೆಗೆ ಹೋಗುವುದು ಬೇಡ ಎಂದೆ.

ದಕ್ಷಿಣ ಭಾರತ ಸಭೆಯಲ್ಲಿ (ಸಿ.ಎಸ್.ಐ.) ಬೆಳೆದು ಇಂಗ್ಲೆಂಡಿನ ಪಟ್ಟಣವೊಂದರಲ್ಲಿ ನೆಲೆಸಿದವಳು ನಾನು. ಹಲವು ಪ್ರೊಟೆಸ್ಟಂಟ್ ಪಂಗಡಗಳು ಸೇರಿ 1947ರಲ್ಲಿ ಒಂದಾದ ನಮ್ಮ ಸಭೆಯಲ್ಲಿ ಆಂಗ್ಲಿಕನ್ನರೂ, ಅಂದರೆ ಇಂಗ್ಲೆಂಡಿನ ಚರ್ಚಿನ ಪರಂಪರೆಯವರೂ, ಇದ್ದುದರಿಂದ ಇಲ್ಲಿನ ಆರಾಧನೆ ನನಗೆ ಅಪರಿಚಿತವೆನಿಸಲಿಲ್ಲ. ರೊಟ್ಟಿ, ದ್ರಾಕ್ಷಾರಸ ಹಂಚಿಕೊಳ್ಳುವ ಪ್ರಭು ಭೋಜನಕ್ಕೆ ಮೊದಲು ಎಲ್ಲರೂ ಅಕ್ಕಪಕ್ಕದವರ ಕೈ ಹಿಡಿದು ಸಮಾಧಾನ ಕೋರುತ್ತಾರಲ್ಲ, ಅದು ನಮ್ಮ 1950ರ ಆರಾಧನಾ ಕ್ರಮದಲ್ಲೇ ಇತ್ತು. ಇಂಗ್ಲೆಂಡಿನ ಚರ್ಚುಗಳಲ್ಲಿ ರೂಢಿಗೆ ಬಂದದ್ದು ಆಮೇಲೆ. ಇದನ್ನು ಇಲ್ಲಿಯವರಿಗೆ ಹೇಳುವಾಗ ನನಗೆ ನಿಜಕ್ಕೂ ಹೆಮ್ಮೆ.

ಆದರೆ ಪ್ಯಾರಿಷ್ ಎಂದರೇನು ಎಂಬುದು ನನಗೆ ಮನದಟ್ಟಾದದ್ದು ಇಲ್ಲಿಗೆ ಬಂದ ಮೇಲೆಯೇ. ನಾನು ಸದಸ್ಯತ್ವ, ಚಂದಾ, ದಾಖಲೆ ಪುಸ್ತಕಗಳ ಲೆಕ್ಕದಲ್ಲಿ ಸಭೆಯನ್ನು ಅರಿತವಳು. ಇಲ್ಲಿ ಗಡಿಯೊಳಗಿನ ಬೀದಿಗಳಲ್ಲಿ ವಾಸಿಸುವವರೆಲ್ಲರೂ ಪ್ಯಾರಿಷಿನವರೇ. ಚರ್ಚಿನ ಮೆಟ್ಟಿಲು ಹತ್ತದವರು ತೀರಿಕೊಂಡರೂ ಮನೆಯವರು ಕೇಳಿದರೆ ಶವಸಂಸ್ಕಾರ ನಡೆಸಿಕೊಡುವುದು ವಿಕಾರ್ ಎನಿಸಿಕೊಳ್ಳುವ ಪ್ಯಾರಿಷ್ ಪಾದ್ರಿಯ ಹೊಣೆ. ಮೇ ತಿಂಗಳು ಮುಗಿಯುವುದರೊಳಗೆ ಚರ್ಚಿನ ಉಸ್ತುವಾರಿ ನೋಡಿಕೊಳ್ಳುವ ಚರ್ಚ್ ವಾರ್ಡನ್‌ಗಳನ್ನು ಆರಿಸುವ ಸಭೆ ನಡೆಯಬೇಕು; ಸ್ಥಳೀಯ ಮತದಾರರ ಪಟ್ಟಿಯಲ್ಲಿರುವ ನಿವಾಸಿಗಳೂ ಅಲ್ಲಿ ಮತ ಹಾಕಬಹುದು. ಎಷ್ಟು ಜನ ಬರುತ್ತಾರೆ ಎಂಬುದು ಬೇರೆ ಮಾತು. ಬಾಗಿಲಂತೂ ತೆರೆದಿದೆ.

ವಿಜ್ಞಾಪನೆಯ ಸರದಿ ಬಂದಾಗ ನಾನು ಶನಿವಾರ ಸಂಜೆಯೇ ಪಟ್ಟಿ ಹಿಡಿದು ಕೂರುತ್ತೇನೆ. ಮೇಣದಬತ್ತಿಗಳ ಸ್ಟ್ಯಾಂಡಿನ ಪಕ್ಕದ ಪುಸ್ತಕದಲ್ಲಿ ಯಾರು ಬೇಕಾದರೂ ಹೆಸರು ಬರೆಯಬಹುದು. ವಾರದ ನಡುವೆ ಸುಮ್ಮನೆ ಒಳಬಂದು ಕುಳಿತು ಹೋಗುವವರು ಬರೆದದ್ದೇ ಹೆಚ್ಚು. ಒಬ್ಬರು ಹೆಂಡತಿಯ ಹೆಸರಿನ ಕೆಳಗೆ ಆಸ್ಪತ್ರೆಯ ವಾರ್ಡ್ ಸಂಖ್ಯೆಯನ್ನೂ ಬರೆದಿದ್ದರು, ದೇವರಿಗೆ ವಿಳಾಸ ತಿಳಿಯಲಿ ಎಂಬಂತೆ. ಗಟ್ಟಿಯಾಗಿ ಓದಲು ಒಪ್ಪಿಗೆ ಬೇಕು. ಕೆಲವರು ಮೊದಲ ಹೆಸರಷ್ಟೇ ಸಾಕು ಎನ್ನುತ್ತಾರೆ. ಪೋಲಿಷ್, ವೆಲ್ಷ್ ಹೆಸರುಗಳಿದ್ದರೆ ಮನೆಯವರನ್ನು ಕೇಳಿ ಉಚ್ಚಾರಣೆಯನ್ನು ಕನ್ನಡದಲ್ಲೇ ಬರೆದುಕೊಳ್ಳುತ್ತೇನೆ. ಯಾವ ಅಕ್ಷರಕ್ಕೆ ದೀರ್ಘ, ಯಾವುದಕ್ಕೆ ಒತ್ತು ಎಂಬುದು ನಮ್ಮ ಲಿಪಿಯಲ್ಲಿ ಸ್ಪಷ್ಟವಾಗಿ ನಿಲ್ಲುತ್ತದೆ. ಸ್ವಂತ ಹೆಸರನ್ನು ಜನ ಎಡವಿ ಎಡವಿ ಓದಿದರೆ ಹೇಗಿರುತ್ತದೆ ಎಂಬುದನ್ನು ನಾನು ಚೆನ್ನಾಗಿ ಬಲ್ಲೆ.

ಬೆಳಗ್ಗೆ ಎಂಟರ ಆರಾಧನೆ 1662ರ ಪ್ರಾರ್ಥನಾ ಪುಸ್ತಕದ್ದು. ಹಾಡಿಲ್ಲ, ಆರ್ಗನ್ ಇಲ್ಲ. ಹತ್ತರದ್ದು ಮಕ್ಕಳು, ಗಾಯನ ತಂಡ, ಕೊನೆಯ ಚಹಾ ಎಲ್ಲವೂ ಸೇರಿದ್ದು. ಹೆಸರುಗಳ ಕೆಲಸ ಕಾಣುವುದು ಆ ಚಹಾದ ಹೊತ್ತಿನಲ್ಲಿ. ‘ಅವರಿಗೇನಾಯಿತು?’ ಎಂದು ಒಬ್ಬರು ಕೇಳುತ್ತಾರೆ, ಇನ್ನೊಬ್ಬರು ಆಸ್ಪತ್ರೆಗೆ ಕಾರಿನಲ್ಲಿ ಕರೆದೊಯ್ಯಲು ಮುಂದಾಗುತ್ತಾರೆ, ಮತ್ತೊಬ್ಬರು ನಾಯಿಯನ್ನು ನೋಡಿಕೊಳ್ಳುತ್ತೇನೆ ಎನ್ನುತ್ತಾರೆ. ‘ಅಸ್ವಸ್ಥರೆಲ್ಲರು’ ಎಂದು ಓದಿದ್ದರೆ ಯಾರ ನಾಯಿಯನ್ನು ಯಾರು ನೋಡಿಕೊಳ್ಳಬೇಕಿತ್ತು? ಮಂಡಳಿಯಲ್ಲಿ ನಾನು ಇದನ್ನೇ ಕೇಳಿದೆ.

ಪಟ್ಟಿ ಉಳಿಯಿತು. ತಿಂಗಳಾದ ಹೆಸರುಗಳ ಬಗ್ಗೆ ಮನೆಯವರನ್ನು ಮತ್ತೆ ವಿಚಾರಿಸಿ ಮುಂದುವರಿಸಬೇಕು ಎಂದು ತೀರ್ಮಾನವಾಯಿತು. ಆ ಕೆಲಸವನ್ನು ನಾನೇ ವಹಿಸಿಕೊಂಡಿದ್ದೇನೆ. ಪ್ರಕಟಣೆಗಳು ಇನ್ನು ಅಚ್ಚಾದ ಹಾಳೆಯಲ್ಲಿ ಮಾತ್ರ.