ಸಿಗರೇಟಿನ ಜಾಗಕ್ಕೆ ಏನನ್ನು ತರುವುದು?

ನಾನು ಸಿಗರೇಟು ಬಿಟ್ಟಿದ್ದೇನೆಂದು ಗೊತ್ತಾದ ಪರಿಚಿತರಲ್ಲಿ ಹೆಚ್ಚಿನವರು ಕೇಳುವ ಪ್ರಶ್ನೆ ಒಂದೇ: ಅದರ ಬದಲಿಗೆ ಏನು ಹಿಡಿದಿರಿ? ಕೇಳುವವರಲ್ಲಿ ಅನೇಕರು ಈಗಾಗಲೇ ಏನಾದರೊಂದನ್ನು ಹಿಡಿದು ಕೈಬಿಟ್ಟವರು. ಒಬ್ಬರ ಜೇಬಿನಲ್ಲಿ ಲವಂಗದ ಪೊಟ್ಟಣ, ಇನ್ನೊಬ್ಬರ ಮೇಜಿನ ಡ್ರಾಯರಿನಲ್ಲಿ ಅರ್ಧ ಖಾಲಿಯಾದ ನಿಕೋಟಿನ್ ಗಮ್ಮಿನ ಸ್ಟ್ರಿಪ್. ಮತ್ತೊಬ್ಬರು ಸಿಗರೇಟಿನಿಂದ ಪಾನ್ ಮಸಾಲಾಕ್ಕೆ ದಾಟಿ, ಅದನ್ನೇ ಚಟ ಬಿಟ್ಟದ್ದೆಂದು ನಂಬಿಕೊಂಡವರು. ಪರ್ಯಾಯಗಳಿಂದ ನಿಜಕ್ಕೂ ಪ್ರಯೋಜನವಿದೆಯೇ ಎಂದರೆ ಇದೆ ಎಂದೇ ನನ್ನ ಉತ್ತರ. ಆದರೆ ಸಿಗರೇಟು ನಮಗೆ ಮಾಡಿಕೊಡುತ್ತಿದ್ದ ಕೆಲಸಗಳು ಹಲವು, ಮತ್ತು ಯಾವ ಪರ್ಯಾಯ ಅವುಗಳಲ್ಲಿ ಯಾವುದನ್ನು ವಹಿಸಿಕೊಳ್ಳುತ್ತದೆ ಎಂಬುದನ್ನು ವಿಂಗಡಿಸಿಕೊಳ್ಳದೆ ಹೊರಟರೆ ಒಳ್ಳೆಯ ಔಷಧಕ್ಕೂ ಕೆಟ್ಟ ಹೆಸರು ಬರುತ್ತದೆ.

ಮೊದಲನೆಯ ಕೆಲಸ, ತಂಬಾಕಿನಲ್ಲಿ ಚಟ ಹತ್ತಿಸುವ ವಸ್ತುವಾದ ನಿಕೋಟಿನ್ ಒದಗಿಸುವುದು. ಎಳೆದ ಹೊಗೆಯಲ್ಲಿರುವ ನಿಕೋಟಿನ್ ಶ್ವಾಸಕೋಶದಿಂದ ರಕ್ತಕ್ಕೆ ಸೇರಿ 10ರಿಂದ 20 ಸೆಕೆಂಡುಗಳಲ್ಲಿ ಮೆದುಳನ್ನು ಮುಟ್ಟುತ್ತದೆ. ಸುಮಾರು ಎರಡು ಗಂಟೆಗಳಲ್ಲಿ ರಕ್ತದಲ್ಲಿನ ಅದರ ಪ್ರಮಾಣ ಅರ್ಧಕ್ಕಿಳಿಯುತ್ತದೆ. ರಾತ್ರಿಯೆಲ್ಲ ನಿಕೋಟಿನ್ ಇಲ್ಲದೆ ಕಳೆದ ದೇಹ ಬೆಳಿಗ್ಗೆ ಏಳುತ್ತಲೇ ಅದನ್ನು ಕೇಳುವುದು ಇದರಿಂದಲೇ, ಮತ್ತು ಎದ್ದ ಎಷ್ಟು ಹೊತ್ತಿಗೆ ಮೊದಲ ಸಿಗರೇಟು ಹಚ್ಚುತ್ತೀರಿ ಎಂಬ ಒಂದೇ ಪ್ರಶ್ನೆಯಿಂದ ವೈದ್ಯರು ಚಟದ ಆಳವನ್ನು ಬಹುಮಟ್ಟಿಗೆ ಅಳೆಯುವುದೂ ಇದರಿಂದಲೇ. ನಿಕೋಟಿನ್ ನಿರಪಾಯಕಾರಿಯೇನಲ್ಲ. ಆದರೂ ಕ್ಯಾನ್ಸರನ್ನೂ ಶ್ವಾಸಕೋಶದ ಕಾಯಿಲೆಯನ್ನೂ ತರುವುದು ಮುಖ್ಯವಾಗಿ ತಂಬಾಕು ಸುಟ್ಟಾಗ ಹುಟ್ಟುವ ಹೊಗೆ: ಅದರ ಟಾರ್, ಕಾರ್ಬನ್ ಮಾನಾಕ್ಸೈಡ್ ಮತ್ತು ಏಳು ಸಾವಿರಕ್ಕೂ ಹೆಚ್ಚಿನ ರಾಸಾಯನಿಕಗಳು. ಹೊಗೆಯನ್ನು ಕಳೆದು ನಿಕೋಟಿನ್ ಅನ್ನು ಮಾತ್ರ ಕೆಲವು ಕಾಲ ಉಳಿಸಿಕೊಟ್ಟರೆ ಬಿಡುವುದು ಸುಲಭವಾದೀತು ಎಂಬ ಎಣಿಕೆಯ ಮೇಲೆ ಅಗಿಯುವ ನಿಕೋಟಿನ್ ಗಮ್, ಚರ್ಮಕ್ಕೆ ಅಂಟಿಸುವ ಪ್ಯಾಚ್, ಚೀಪುವ ಲೋಜೆಂಜ್‌ಗಳೆಲ್ಲ ನಿಂತಿವೆ.

ಈ ಎಣಿಕೆ ಹುಟ್ಟಿದ್ದು ಸ್ವೀಡನ್ನಿನಲ್ಲಿ, ಜಲಾಂತರ್ಗಾಮಿಗಳ ಕಾರಣದಿಂದ. ನೀರಿನಡಿಯಲ್ಲಿ ಸೇದಲಾಗದ ನೌಕಾಪಡೆಯ ಸಿಬ್ಬಂದಿ ಬಾಯಿಯಲ್ಲಿಟ್ಟುಕೊಳ್ಳುವ ತಂಬಾಕಿನಿಂದ ಹೇಗೋ ದಿನ ದೂಡುತ್ತಾರೆ ಎಂಬುದನ್ನು ಗಮನಿಸಿದ ಕ್ಲೇಸ್ ಲುಂಡ್‌ಗ್ರೆನ್ ಎಂಬ ಶರೀರಶಾಸ್ತ್ರಜ್ಞರು 1967ರಲ್ಲಿ ಔಷಧ ಕಂಪನಿಯೊಂದರಲ್ಲಿದ್ದ ಓವೆ ಫರ್ನೋ ಅವರಿಗೆ ಪತ್ರ ಬರೆದರು. ಆ ಪತ್ರದಿಂದ ಮೊದಲಾದ ಕೆಲಸ ಗಮ್ಮಿನ ರೂಪ ತಾಳಿ 1978ರಲ್ಲಿ ಸ್ವಿಟ್ಜರ್ಲೆಂಡಿನ ಅಂಗಡಿಗಳಿಗೂ 1984ರಲ್ಲಿ ಅಮೆರಿಕಕ್ಕೂ ಬಂತು. ಸೇದಲು ಅವಕಾಶವೇ ಇಲ್ಲದವರನ್ನು ಕಂಡು ರೂಪಿಸಿದ ವಸ್ತುವಿದು ಎಂಬುದನ್ನು ನೆನಪಿಡಬೇಕು, ಏಕೆಂದರೆ ನಮಗೆ ಎಲ್ಲ ತಿರುವಿನಲ್ಲೂ ಅವಕಾಶವಿದೆ.

ಗಮ್ ಕೆಲಸ ಮಾಡಲಿಲ್ಲ ಎನ್ನುವವರನ್ನು ನಾನು ಮೊದಲು ಕೇಳುವುದು ಅದನ್ನು ಹೇಗೆ ಅಗಿದಿರಿ ಎಂದು. ಚೂಯಿಂಗ್ ಗಮ್ಮಿನಂತೆ ಒಂದೇ ಸಮನೆ ಅಗಿಯುವ ವಸ್ತು ಇದಲ್ಲ. ಮೊದಲ ಕೆಲವು ಅಗಿತಗಳಲ್ಲಿ ಅದು ಗಟ್ಟಿಯಾಗಿರುತ್ತದೆ. ಸ್ವಲ್ಪ ಹೊತ್ತಿಗೆ ಮೆಣಸು ಕಚ್ಚಿದಂಥ ಖಾರ ನಾಲಿಗೆಗೆ ತಾಗಿ ಗಂಟಲು ಚುರುಗುಟ್ಟುತ್ತದೆ. ಆ ಕ್ಷಣದಲ್ಲಿ ಅಗಿಯುವುದನ್ನು ನಿಲ್ಲಿಸಿ, ಗಮ್ಮನ್ನು ಕೆನ್ನೆಗೂ ವಸಡಿಗೂ ನಡುವೆ ಒತ್ತರಿಸಿ ಸುಮ್ಮನಿರಬೇಕು. ಒಂದೆರಡು ನಿಮಿಷದಲ್ಲಿ ಚುರುಗುಟ್ಟುವಿಕೆ ಇಳಿಯುತ್ತದೆ. ಆಗ ಮತ್ತೆ ನಾಲ್ಕು ಸಲ ಅಗಿದು ಇನ್ನೊಂದು ಪಕ್ಕದಲ್ಲಿ ಇಟ್ಟುಕೊಳ್ಳಬೇಕು. ಹೀಗೆ ಅರ್ಧ ಗಂಟೆ. ನಿಕೋಟಿನ್ ಹೀರಿಕೆಯಾಗುವುದು ಬಾಯಿಯ ಒಳಪದರದ ಮೂಲಕವೇ ಹೊರತು ಹೊಟ್ಟೆಯ ಮೂಲಕವಲ್ಲ. ಗಬಗಬನೆ ಅಗಿದು ಜೊಲ್ಲು ನುಂಗಿದರೆ ಬಿಕ್ಕಳಿಕೆಯೂ ಎದೆಯುರಿಯೂ ಬರುತ್ತವೆಯೇ ಹೊರತು ತುಡಿತ ಇಳಿಯುವುದಿಲ್ಲ. ಇನ್ನೊಂದು ತೊಡಕು ನಮ್ಮ ಕಾಫಿ. ಬಾಯಿಯಲ್ಲಿ ಆಮ್ಲೀಯತೆ ಇದ್ದರೆ ನಿಕೋಟಿನ್ ಹೀರಿಕೆಯಾಗದು. ಆದ್ದರಿಂದ ಕಾಫಿ, ನಿಂಬೆ ಪಾನಕ, ಕೋಲಾ ಕುಡಿದ ಮೇಲೆ ಕಾಲು ಗಂಟೆಯಾದರೂ ಬಿಟ್ಟು ಗಮ್ ಬಾಯಿಗೆ ಹಾಕಬೇಕು. ಕಾಫಿ ಮುಗಿದ ಮರುಕ್ಷಣವೇ ಸಿಗರೇಟು ಹಚ್ಚಿ ರೂಢಿಯಾದವನು ಅದೇ ಹೊತ್ತಿಗೆ ಗಮ್ ಹಾಕಿಕೊಂಡರೆ ಆ ಗಮ್ ವ್ಯರ್ಥ. ಮೆಡಿಕಲ್ ಶಾಪಿನಲ್ಲಿ ಸ್ಟ್ರಿಪ್ ಕತ್ತರಿಸಿ ಕೊಡುವವರು ಇದನ್ನೆಲ್ಲ ಹೇಳಿದ್ದನ್ನು ನಾನು ಕಂಡಿಲ್ಲ.

ಪ್ರಮಾಣದ ವಿಷಯದಲ್ಲೂ ಹೀಗೆಯೇ. ನಮ್ಮಲ್ಲಿ 2 ಮಿಲಿಗ್ರಾಂ ಗಮ್ ಚೀಟಿಯಿಲ್ಲದೆ ಸಿಗುತ್ತದೆ. 4 ಮಿಲಿಗ್ರಾಂ ಗಮ್ಮಿಗೆ ವೈದ್ಯರ ಚೀಟಿ ಬೇಕು. ಎದ್ದು ಅರ್ಧ ಗಂಟೆಯೊಳಗೆ ಸೇದುವವರಿಗೆ ಸಾಮಾನ್ಯವಾಗಿ ಸೂಚಿಸುವುದು 4 ಮಿಲಿಗ್ರಾಂ, ಮತ್ತು ಮೊದಲ ಆರು ವಾರಗಳಲ್ಲಿ ಒಂದೆರಡು ಗಂಟೆಗೊಂದು ಗಮ್ ಅಗಿದು, ನಂತರ ಅಂತರ ಹೆಚ್ಚಿಸುತ್ತ ಸುಮಾರು ಮೂರು ತಿಂಗಳಿಗೆ ನಿಲ್ಲಿಸುವುದು ಕ್ರಮ. ನಾನು ಕಂಡವರಲ್ಲಿ ಬಹಳ ಮಂದಿ ತಡೆಯಲಾರದಾಗ ಮಾತ್ರ, ದಿನಕ್ಕೆ ಎರಡೋ ಮೂರೋ ಗಮ್ ಅಗಿದು, ಎರಡನೆಯ ವಾರಕ್ಕೆ ಪ್ರಯೋಗ ಮುಗಿಸಿದವರು. ಸಿಗರೇಟಿನ ನಿಕೋಟಿನ್ ಸೆಕೆಂಡುಗಳಲ್ಲಿ ತಲುಪಿದರೆ ಗಮ್ಮಿನದು ತಲುಪಲು ಇಪ್ಪತ್ತು ಮೂವತ್ತು ನಿಮಿಷ ಹಿಡಿಯುತ್ತದೆ. ತುಡಿತ ಏರಿದ ಮೇಲೆ ಹಾಕಿಕೊಂಡರೆ ಅದು ಬರುವಷ್ಟರಲ್ಲಿ ನೀವು ಅಂಗಡಿಯ ಮುಂದಿರುತ್ತೀರಿ. ಈ ಕೊರತೆಗಾಗಿಯೇ ಪ್ಯಾಚ್ ಇದೆ. ಚರ್ಮಕ್ಕೆ ಅಂಟಿಸಿದ ಪ್ಯಾಚ್ ತೋಟದ ಹನಿ ನೀರಾವರಿಯಂತೆ ದಿನವಿಡೀ ಒಂದೇ ಹದದಲ್ಲಿ ನಿಕೋಟಿನ್ ಕೊಡುತ್ತಿರುತ್ತದೆ. ಅದರ ಮೇಲೆ ತುಡಿತದ ಹೊತ್ತಿಗೊಂದು ಗಮ್. ಒಂದನ್ನೇ ಬಳಸುವುದಕ್ಕಿಂತ ಎರಡನ್ನೂ ಕೂಡಿಸಿ ಬಳಸಿದವರು ಹೆಚ್ಚಾಗಿ ಯಶಸ್ವಿಯಾಗುತ್ತಾರೆಂಬುದು ಅನೇಕ ಅಧ್ಯಯನಗಳಲ್ಲಿ ಸ್ಪಷ್ಟವಾಗಿದೆ.

ಹಾಗಾದರೆ ಎಷ್ಟು ಪ್ರಯೋಜನ? 2016ರಲ್ಲಿ ಪ್ರಕಟವಾದ ಈಗಲ್ಸ್ ಎಂಬ ದೊಡ್ಡ ಪ್ರಯೋಗದಲ್ಲಿ ಸುಮಾರು ಎಂಟು ಸಾವಿರ ಮಂದಿ ಭಾಗವಹಿಸಿದ್ದರು. ಒಂಬತ್ತನೆಯ ವಾರದಿಂದ ಇಪ್ಪತ್ತನಾಲ್ಕನೆಯ ವಾರದವರೆಗೆ ಸೇದದೆ ಉಳಿದವರು, ಹೋಲಿಕೆಗಾಗಿ ಔಷಧವಿಲ್ಲದ ಬರೀ ಹುಸಿ ಔಷಧ ಪಡೆದ ಗುಂಪಿನಲ್ಲಿ ಶೇ. 9.4, ಪ್ಯಾಚ್ ಪಡೆದವರಲ್ಲಿ ಶೇ. 15.7, ನಿಕೋಟಿನ್ ಇಲ್ಲದೆಯೇ ತುಡಿತ ತಗ್ಗಿಸುವ ಎರಡು ಮಾತ್ರೆಗಳಲ್ಲಿ ಬ್ಯುಪ್ರೊಪಿಯಾನ್ ಪಡೆದವರಲ್ಲಿ ಶೇ. 16.2, ವರೆನಿಕ್ಲಿನ್ ಪಡೆದವರಲ್ಲಿ ಶೇ. 21.8. ಎಲ್ಲ ಗುಂಪಿಗೂ ಆಪ್ತಸಲಹೆ ಇತ್ತು. ಅತ್ಯುತ್ತಮ ಮಾತ್ರೆ ನುಂಗಿದವರಲ್ಲೂ ಐವರಲ್ಲಿ ನಾಲ್ವರು ಗುರಿ ಮುಟ್ಟಲಿಲ್ಲವೆಂದು ಇದನ್ನು ಓದಿ ನಿರಾಶರಾಗುವವರಿದ್ದಾರೆ. ನಾನು ಇದನ್ನು ಓದುವ ರೀತಿ ಬೇರೆ. ಬರೀ ಸಂಕಲ್ಪಬಲದ ಮೇಲೆ ಬಿಡಬೇಕು, ಔಷಧ ತೆಗೆದುಕೊಳ್ಳುವುದು ದೌರ್ಬಲ್ಯ ಎಂದು ನಮ್ಮ ಮನೆಗಳಲ್ಲಿ ಹೇಳುವುದುಂಟಲ್ಲ, ಆ ಮಾತಿಗೆ ಈ ಅಂಕಿಗಳಲ್ಲಿ ಯಾವ ಆಧಾರವೂ ಇಲ್ಲ. ವರೆನಿಕ್ಲಿನ್ ಮನಸ್ಸನ್ನು ಕೆಡಿಸುತ್ತದೆಂಬ ಹಳೆಯ ಭಯಕ್ಕೂ ಈ ಪ್ರಯೋಗದಲ್ಲಿ ಪುಷ್ಟಿ ಸಿಗಲಿಲ್ಲ. ಆದರೆ ಅದು ವೈದ್ಯರು ನೋಡಿ ಕೊಡಬೇಕಾದ ಮಾತ್ರೆ.

ಕಾಫಿಯ ಬಗ್ಗೆ ಇನ್ನೊಂದು ಮಾತು ಇಲ್ಲಿಯೇ ಹೇಳಿಬಿಡುತ್ತೇನೆ. ಸಿಗರೇಟಿನ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕುಗೊಳಿಸುತ್ತದೆ. ಕೆಫೀನನ್ನು ಒಡೆದುಹಾಕುವುದೂ ಅದೇ ಕಿಣ್ವ. ಹೊಗೆ ನಿಂತ ಕೆಲವು ದಿನಗಳಲ್ಲಿ ಆ ಚುರುಕು ಇಳಿಯುವುದರಿಂದ, ಮೊದಲಿನಷ್ಟೇ ಕಾಫಿ ಕುಡಿದರೂ ರಕ್ತದಲ್ಲಿ ಉಳಿಯುವ ಕೆಫೀನ್ ಬಹಳ ಹೆಚ್ಚುತ್ತದೆ. ಎದೆ ಡವಡವ, ಕೈ ನಡುಕ, ನಿದ್ದೆಗೇಡು: ಇವೆಲ್ಲ ಸಿಗರೇಟು ಬಿಟ್ಟ ಸಂಕಟವೆಂದೇ ನಾನು ತಿಳಿದಿದ್ದೆ. ಫಿಲ್ಟರ್ ಕಾಫಿಯನ್ನು ಅರ್ಧಕ್ಕಿಳಿಸಿದ ಮೇಲೆ ಅದರಲ್ಲಿ ಒಂದು ಭಾಗ ತಾನಾಗಿ ಹೋಯಿತು. ಕಿಣ್ವವನ್ನು ಕೆಣಕುವುದು ಹೊಗೆಯೇ ಹೊರತು ನಿಕೋಟಿನ್ ಅಲ್ಲ, ಆದ್ದರಿಂದ ಗಮ್ಮಿನಿಂದ ಇದಕ್ಕೆ ಪರಿಹಾರವಿಲ್ಲ.

ಸಿಗರೇಟಿನ ಇನ್ನೊಂದು ಕೆಲಸ ರಜೆ ಕೊಡುವುದು. ಬೆಂಗಳೂರಿನ ಯಾವುದೇ ಆಫೀಸಿನ ಪಕ್ಕದ ಬೇಕರಿಯ ಮುಂದೆ ಹನ್ನೊಂದು ಗಂಟೆಗೆ ನಿಂತು ನೋಡಿ. ಗಾಜಿನ ಲೋಟದಲ್ಲಿ ಅರ್ಧ ಟೀ, ದಾರಕ್ಕೆ ಕಟ್ಟಿ ಇಳಿಬಿಟ್ಟ ಲೈಟರ್, ಬಿಡಿಯಾಗಿ ಕೊಂಡ ಒಂದು ಸಿಗರೇಟು (ಬಿಡಿ ಮಾರಾಟಕ್ಕೆ ರಾಜ್ಯದಲ್ಲಿ 2017ರಿಂದಲೇ ನಿಷೇಧವಿದೆ ಎಂಬುದನ್ನು ಅಲ್ಲಿ ಯಾರೂ ಲೆಕ್ಕಕ್ಕಿಟ್ಟಂತಿಲ್ಲ), ಮತ್ತು ಮ್ಯಾನೇಜರನ ಬಗ್ಗೆ ಐದು ನಿಮಿಷದ ಹರಟೆ. ಸೇದದವನಿಗೆ ಸಿಗದ ವಿರಾಮ ಇದು. "ಬಾರೋ, ಕೆಳಗೆ ಹೋಗಿ ಬರೋಣ" ಎಂಬ ಕರೆ ಅವನಿಗೆ ಬರುವುದಿಲ್ಲ. ಸೀಟಿನಲ್ಲಿ ಕುಳಿತು ಗಮ್ ಅಗಿಯುವುದು ಈ ಜಾಗವನ್ನು ಎಂದಿಗೂ ತುಂಬದು. ಮೊದಲ ತಿಂಗಳು ಆ ಬೇಕರಿಯ ಕಡೆ ಹೋಗದೆ, ಅದೇ ಹೊತ್ತಿಗೆ ಎದ್ದು, ಸೇದದ ಒಬ್ಬ ಸಹೋದ್ಯೋಗಿಯ ಜೊತೆ ಹಿಂದಿನ ರಸ್ತೆಯಲ್ಲಿ ಒಂದು ಸುತ್ತು ಹಾಕಿ ಬರುತ್ತಿದ್ದೆ. ಕೆಲಸ ಬಿಟ್ಟೇಳುವ ಹಕ್ಕನ್ನು ಸಿಗರೇಟಿಲ್ಲದೆಯೂ ಚಲಾಯಿಸಬಹುದೆಂಬುದು ರೂಢಿಯಾಗಲು, ನನ್ನ ಮಟ್ಟಿಗಂತೂ, ನಿಕೋಟಿನ್ ಬಿಡುವುದಕ್ಕಿಂತ ಹೆಚ್ಚು ಕಾಲ ಬೇಕಾಯಿತು.

ಲವಂಗ, ಏಲಕ್ಕಿ, ಸೋಂಪು, ಒಣಗಿಸಿದ ನೆಲ್ಲಿಕಾಯಿ ಇವುಗಳ ಸ್ಥಾನವೂ ಇಲ್ಲಿಯೇ. ತುಡಿತದ ಒಂದು ಅಲೆ ಸಾಮಾನ್ಯವಾಗಿ ಕೆಲವೇ ನಿಮಿಷಗಳದ್ದು; ಅಷ್ಟು ಹೊತ್ತು ಬಾಯಿಗೂ ಕೈಗೂ ಕೆಲಸ ಕೊಟ್ಟರೆ ಅವು ತಮ್ಮ ಪಾಲಿನದನ್ನು ಮಾಡಿದಂತೆ. ಆದರೆ ಅಡಿಕೆ ಹಾಗಲ್ಲ. ಅಡಿಕೆ ತೋಟದ ಸೀಮೆಯಿಂದ ಬಂದ ನನಗೆ ಇದನ್ನು ಬರೆಯಲು ಹಿತವೆನಿಸದು. ಆದರೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ, ತಂಬಾಕು ಬೆರೆಯದ ಅಡಿಕೆಯನ್ನೂ ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ಸಿಗರೇಟು ಬಿಡಲು ಪಾನ್ ಮಸಾಲಾ ಹಿಡಿಯುವುದು ರೋಗದ ಜಾಗವನ್ನು ಶ್ವಾಸಕೋಶದಿಂದ ಬಾಯಿಗೆ ವರ್ಗಾಯಿಸುವುದಷ್ಟೆ. ತುಳಸಿ ಮುಂತಾದ ಎಲೆಗಳ "ಹರ್ಬಲ್" ಸಿಗರೇಟಿನಲ್ಲಿ ನಿಕೋಟಿನ್ ಇರದಿದ್ದರೂ ಸುಟ್ಟ ಎಲೆಯ ಟಾರ್ ಇದೆ, ಕಾರ್ಬನ್ ಮಾನಾಕ್ಸೈಡ್ ಇದೆ. ಕೊಳ್ಳುವ ಕಾರಣವೇ ನನಗೆ ಅರ್ಥವಾಗಿಲ್ಲ.

ನಿಕೋಟಿನ್ ದ್ರವವನ್ನು ಬ್ಯಾಟರಿಯಿಂದ ಕಾಯಿಸಿ ಆವಿಯಾಗಿ ಎಳೆಯುವ ಇ-ಸಿಗರೇಟಿನ ಬಗ್ಗೆ ಕೇಳುವವರು ಹೆಚ್ಚಾಗಿ ಇಂಗ್ಲೆಂಡಿನಲ್ಲಿ ಬಂಧುಗಳಿರುವವರು. ಅಲ್ಲಿ ಸಿಗರೇಟು ಬಿಡಿಸಲು ಅದನ್ನು ಅಧಿಕೃತವಾಗಿಯೇ ಬೆಂಬಲಿಸುತ್ತಾರೆ. 886 ಮಂದಿಯ ಮೇಲೆ ನಡೆದು 2019ರಲ್ಲಿ ಪ್ರಕಟವಾದ ಅಲ್ಲಿನ ಪ್ರಯೋಗದಲ್ಲಿ, ಒಂದು ವರ್ಷದ ನಂತರ ಇ-ಸಿಗರೇಟು ಬಳಸಿದ ಗುಂಪಿನಲ್ಲಿ ಶೇ. 18ರಷ್ಟು, ಗಮ್ ಪ್ಯಾಚ್ ಮೊದಲಾದವನ್ನು ಬಳಸಿದ ಗುಂಪಿನಲ್ಲಿ ಶೇ. 9.9ರಷ್ಟು ಮಂದಿ ಸಿಗರೇಟಿನಿಂದ ದೂರ ಉಳಿದಿದ್ದರು. ಕೈ, ಬಾಯಿ, ಹೊಗೆಯ ಆಕಾರ ಎಲ್ಲವೂ ಅಲ್ಲಿ ಉಳಿಯುವುದರಿಂದ ಇದು ಅನಿರೀಕ್ಷಿತವೇನಲ್ಲ. ಆದರೆ ಹಾಗೆ ಬಿಟ್ಟವರಲ್ಲಿ ಶೇ. 80ರಷ್ಟು ಮಂದಿ ವರ್ಷದ ಕೊನೆಗೂ ಇ-ಸಿಗರೇಟು ಸೇದುತ್ತಲೇ ಇದ್ದರು. ಇನ್ನೊಂದು ಗುಂಪಿನಲ್ಲಿ ಗಮ್ ಪ್ಯಾಚ್‌ಗಳಿಗೆ ಅಂಟಿಕೊಂಡವರು ಶೇ. 9 ಮಾತ್ರ. ನಮಗೆ ಆ ಚರ್ಚೆಯ ಅಗತ್ಯವೇ ಇಲ್ಲದಂತೆ ಕರ್ನಾಟಕ 2016ರಲ್ಲೂ ಕೇಂದ್ರ 2019ರಲ್ಲೂ ಇ-ಸಿಗರೇಟನ್ನು ನಿಷೇಧಿಸಿವೆ. ಮಾಮೂಲಿ ಸಿಗರೇಟನ್ನು ಅಂಗಡಿಯಲ್ಲಿ ಬಿಟ್ಟು ಇದನ್ನು ಮಾತ್ರ ನಿಷೇಧಿಸಿದ್ದರಲ್ಲಿ ವಿಚಿತ್ರವೊಂದಿದೆ. ಆದರೂ ಕದ್ದು ಮಾರುವ, ಒಳಗೇನಿದೆಯೆಂದು ಯಾರೂ ಪರೀಕ್ಷಿಸದ ವಸ್ತುವನ್ನು ಪರ್ಯಾಯವೆಂದು ಯಾರಿಗೂ ಸೂಚಿಸಲಾರೆ.

ಇಷ್ಟೆಲ್ಲ ಸಂಬಳ ಎಣಿಸುವವರ ಮಾತಾಯಿತು. ನನ್ನ ಊರಿನಲ್ಲಿ ತೋಟದ ಕೆಲಸಕ್ಕೆ ಬರುವವರು ಸೇದುವುದು ಬೀಡಿ, ಮತ್ತು ಒಂದು ಕಟ್ಟು ಬೀಡಿಯ ಪಕ್ಕದಲ್ಲಿ ಗಮ್ಮಿನ ಸ್ಟ್ರಿಪ್ ಇಟ್ಟರೆ ಗಮ್ಮೇ ಬಹಳ ದುಬಾರಿ. ಗಮ್, ಪ್ಯಾಚ್ ಮೊದಲಾದವುಗಳ ನಿಕೋಟಿನ್ ಬದಲಿ ಚಿಕಿತ್ಸೆ 2022ರಲ್ಲಿ ದೇಶದ ಅಗತ್ಯ ಔಷಧಗಳ ಪಟ್ಟಿಗೆ ಸೇರಿದೆ. ರಾಷ್ಟ್ರೀಯ ತಂಬಾಕು ನಿಯಂತ್ರಣ ಕಾರ್ಯಕ್ರಮದಡಿ ಜಿಲ್ಲಾ ಆಸ್ಪತ್ರೆಗಳಲ್ಲಿ ತಂಬಾಕು ವ್ಯಸನ ಬಿಡಿಸುವ ಕೇಂದ್ರಗಳೂ ಇವೆ. ಹೋಗುವ ದಿನದ ಕೂಲಿ ಕೈತಪ್ಪುತ್ತದೆಂದು ಹಿಂಜರಿಯುವವರಿಗೆ ನಾನು ಮೊದಲು ಕೊಡುವುದು ತಂಬಾಕಿನ ಪೊಟ್ಟಣದ ಮೇಲೆಯೇ ಅಚ್ಚಾಗಿರುವ 1800-11-2356 ಎಂಬ ಉಚಿತ ಸಂಖ್ಯೆ. ನಿಮ್ಹಾನ್ಸ್‌ನ ಕ್ವಿಟ್‌ಲೈನ್ (ತಂಬಾಕು ಬಿಡಿಸುವ ದೂರವಾಣಿ ಸಹಾಯವಾಣಿ) ಕೇಂದ್ರದಿಂದ ಕನ್ನಡದಲ್ಲೇ ಮಾತನಾಡುತ್ತಾರೆ, ಬಿಡುವ ದಿನವನ್ನು ಗೊತ್ತುಮಾಡಿಸುತ್ತಾರೆ, ಆಮೇಲೆ ತಾವಾಗಿಯೇ ಮತ್ತೆ ಕರೆ ಮಾಡಿ ವಿಚಾರಿಸುತ್ತಾರೆ. ಅಕ್ಷರ ಬಾರದವರಿಗೆ ಆ ಸಂಖ್ಯೆಯನ್ನು ಒತ್ತಿಕೊಡುವ ಕೆಲಸವೊಂದನ್ನು ಮನೆಯವರು ಮಾಡಿದರೆ ಸಾಕು.