ಮಾವನೊಂದಿಗೆ ಟೀನಾ ಬ್ರೂಕ್ಸ್ ಕೇಳಿದ ಭಾನುವಾರ

ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಟೀನಾ ಬ್ರೂಕ್ಸ್ ತನ್ನ ಹೆಸರಿನಲ್ಲಿ ಧ್ವನಿಮುದ್ರಿಸಿದ್ದು ನಾಲ್ಕೇ ಆಲ್ಬಂ. ಮೊದಲನೆಯದು 1958ರ ಮಾರ್ಚ್‌ನಲ್ಲಿ, ಕೊನೆಯದು 1961ರ ಮಾರ್ಚ್‌ನಲ್ಲಿ. ತಿಂಡಿ ಮುಗಿಸಿ ಕುಳಿತರೆ ಮಧ್ಯಾಹ್ನದ ಊಟದ ಹೊತ್ತಿಗೆ ನಾಲ್ಕೂ ಮುಗಿದುಹೋಗುತ್ತವೆ. ತುಳುವರ ಆಟಿ ತಿಂಗಳ ಮಳೆ ಸುರಿಯುತ್ತಿದ್ದ ಒಂದು ಭಾನುವಾರ ನಾನು ಹಾಗೆ ಕುಳಿತೆ. ಜೊತೆಗೆ ಸೋದರಮಾವ ಇದ್ದರು.

ಮಾವ ಮದುವೆಗಳಲ್ಲಿ, ದೇವಸ್ಥಾನದ ಉತ್ಸವಗಳಲ್ಲಿ ಸ್ಯಾಕ್ಸೊಫೋನ್ ನುಡಿಸುವವರು. ಕದ್ರಿ ಗೋಪಾಲನಾಥರು ಆ ವಾದ್ಯವನ್ನು ಕರ್ನಾಟಕ ಸಂಗೀತಕ್ಕೆ ಒಗ್ಗಿಸಿದ ಮೇಲೆ ಮಂಗಳೂರಿನ ಕಡೆ ಅದು ನಮ್ಮದೇ ವಾದ್ಯ. ಆಟಿಯಲ್ಲಿ ಶುಭಕಾರ್ಯಗಳಿಲ್ಲ, ಹಾಗಾಗಿ ಮಾವನಿಗೆ ಬಿಡುವು. ಜಾಝ್ ಅವರಿಗೆ ಹೊಸದು.

"ಟೀನಾ ಎಂದರೆ ಹೆಂಗಸೇ?" ಎಂದರು. ಅಲ್ಲ, ನಿಜವಾದ ಹೆಸರು ಹೆರಾಲ್ಡ್ ಫ್ಲಾಯ್ಡ್ ಬ್ರೂಕ್ಸ್, ಹುಡುಗನಾಗಿದ್ದಾಗ ಪುಟ್ಟಗಿದ್ದ ಕಾರಣಕ್ಕೆ ಬಂದ ಅಡ್ಡಹೆಸರು ಎಂದೆ. 1932ರಲ್ಲಿ ಉತ್ತರ ಕೆರೊಲಿನಾದ ಫಯೆಟ್‌ವಿಲ್‌ನಲ್ಲಿ ಹುಟ್ಟಿದವನು.

ಮೊದಲು 'ಟ್ರೂ ಬ್ಲೂ' ಹಾಕಿದೆ. ಅದರ ಮೊದಲ ರಚನೆ 'ಗುಡ್ ಓಲ್ಡ್ ಸೋಲ್' ಶುರುವಾಗಿ ಸ್ವಲ್ಪ ಹೊತ್ತಿಗೆ ಮಾವನ ಬೆರಳುಗಳು ಕುರ್ಚಿಯ ಕೈಯ ಮೇಲೆ ಕೀಲಿಗಳನ್ನು ಒತ್ತತೊಡಗಿದವು. ಬಾಯಲ್ಲಿ ವಾದ್ಯವಿದ್ದಂತೆ ತುಟಿ ಬಿಗಿಯಾಯಿತು. "ಇದು ಆಲ್ಟೋ ಅಲ್ಲ." ಅದಕ್ಕಿಂತ ದೊಡ್ಡದಾದ, ತಗ್ಗು ದನಿಯ ಟೆನರ್ ಸ್ಯಾಕ್ಸೊಫೋನ್ ಎಂದೆ. ಮತ್ತೆ ಮೌನ. ಬ್ರೂಕ್ಸ್‌ನ ಸರದಿ ಮುಗಿದ ಮೇಲೆ ಹೇಳಿದರು: "ಇವನಿಗೆ ಅವಸರವೇ ಇಲ್ಲ ನೋಡು. ಎಷ್ಟು ಉದ್ದ ಎಳೆದರೂ ಕೊನೆಯ ಸ್ವರಕ್ಕೆ ಉಸಿರು ಉಳಿಸಿಕೊಂಡಿರುತ್ತಾನೆ." ನಾನು ವರ್ಷಗಟ್ಟಲೆ ಕೇಳಿಯೂ ಇಷ್ಟು ಖಚಿತವಾಗಿ ಹೇಳಲು ಬಾರದೆ ಒದ್ದಾಡಿದ್ದು ಇದನ್ನೇ.

ಆ ಆಲ್ಬಂ ಮುದ್ರಣವಾದದ್ದು 1960ರ ಜೂನ್ 25ರಂದು, ಧ್ವನಿಮುದ್ರಣ ತಜ್ಞ ರೂಡಿ ವಾನ್ ಗೆಲ್ಡರ್ ಅವರ ಸ್ಟುಡಿಯೋದಲ್ಲಿ. ಆರು ದಿನ ಮೊದಲು ಅಲ್ಲಿಯೇ ಇಪ್ಪತ್ತೆರಡರ ಟ್ರಂಪೆಟ್ ವಾದಕ ಫ್ರೆಡ್ಡಿ ಹಬರ್ಡ್ ತನ್ನ ಮೊದಲ ಆಲ್ಬಂ 'ಓಪನ್ ಸೆಸಮಿ' ಮುದ್ರಿಸಿದ್ದ. ಆ ಆಲ್ಬಮ್ಮಿನ ಹೆಸರು ಹೊತ್ತ ರಚನೆ ಬ್ರೂಕ್ಸ್‌ನದು, 'ಜಿಪ್ಸಿ ಬ್ಲೂ' ಕೂಡ ಅವನದೇ. 'ಟ್ರೂ ಬ್ಲೂ'ದಲ್ಲಿ ಹಬರ್ಡ್ ಅವನಿಗೆ ಟ್ರಂಪೆಟ್ ನುಡಿಸಿದ. ಹಬರ್ಡ್ ಮುಂದೆ ಲೋಕಪ್ರಸಿದ್ಧನಾದ. ಬ್ರೂಕ್ಸ್ ಬದುಕಿದ್ದಾಗ ಅವನ ಹೆಸರಿನಲ್ಲಿ ಹೊರಬಂದದ್ದು 'ಟ್ರೂ ಬ್ಲೂ' ಒಂದೇ. ನಾಲ್ಕರಲ್ಲಿ ಇನ್ನೊಂದಾದ 'ಬ್ಯಾಕ್ ಟು ದ ಟ್ರ್ಯಾಕ್ಸ್' ಆಲ್ಬಮ್ಮಿಗೆ ಬ್ಲೂ ನೋಟ್ ಎಂಬ ಧ್ವನಿಮುದ್ರಣ ಕಂಪನಿ ಕ್ರಮಸಂಖ್ಯೆ ಕೊಟ್ಟು ಮುಖಪುಟವನ್ನೂ ಸಿದ್ಧಪಡಿಸಿ, ಬಿಡುಗಡೆ ಮಾಡದೆ ಬಿಟ್ಟಿತು.

ಇದನ್ನು ಕೇಳಿ ಮಾವನಿಗೆ ಸಿಟ್ಟು ಬಂತು. "ಮದುವೆ ಮನೆಯಲ್ಲಿ ನುಡಿಸಿದ್ದು ಅಲ್ಲೇ ಗಾಳಿಗೆ ಹೋಗುತ್ತದೆ, ಅದು ಗೊತ್ತಿದ್ದೇ ನುಡಿಸುತ್ತೇವೆ. ನುಡಿಸಿದ್ದನ್ನು ಹಿಡಿದಿಟ್ಟು ಕಪಾಟಿಗೆ ಬೀಗ ಹಾಕಿದರೆ ಅವನಿಗೆ ಹೇಗಾಗಿರಬೇಡ?"

1961ರ ನಂತರ ಬ್ರೂಕ್ಸ್ ಧ್ವನಿಮುದ್ರಣಕ್ಕೆ ಮರಳಲಿಲ್ಲ. ಹೆರಾಯಿನ್ ಚಟ ದೇಹವನ್ನು ತಿಂದಿತ್ತು. 1974ರ ಆಗಸ್ಟ್‌ನಲ್ಲಿ ತೀರಿಕೊಂಡಾಗ ನಲವತ್ತೆರಡು ವರ್ಷ. ಮೊಸಾಯಿಕ್ ಸಂಸ್ಥೆ ನಾಲ್ಕನ್ನೂ ಒಟ್ಟುಗೂಡಿಸಿ ಹೊರತಂದದ್ದು 1985ರಲ್ಲಿ.

ಟೆನರ್ ಸ್ಯಾಕ್ಸೊಫೋನಿನ ದಿಗ್ಗಜರಾದ ಕೋಲ್ಟ್ರೇನ್, ರೋಲಿನ್ಸ್ ಅವರಂತೆ ಹೊಸ ದಾರಿ ಕಡಿಯಲಿಲ್ಲ ಎಂದು ಅವನನ್ನು ಬದಿಗಿಡುವ ಮಾತನ್ನು ನಾನು ಒಪ್ಪುವುದಿಲ್ಲ. 'ಟ್ರೂ ಬ್ಲೂ'ದ ಆರರಲ್ಲಿ ಐದು ಅವನದೇ ರಚನೆಗಳು. 'ಥೀಮ್ ಫಾರ್ ಡೋರಿಸ್' ಒಮ್ಮೆ ಕೇಳಿದರೆ ದಿನವಿಡೀ ನಾಲಿಗೆಯಲ್ಲಿ ಸುಳಿಯುತ್ತದೆ. ಇದ್ದ ದಾರಿಯಲ್ಲೇ ಇಷ್ಟು ಚೆಲುವಾಗಿ ನಡೆದವರು ಎಷ್ಟು ಜನ?

ಕೊನೆಯ ಆಲ್ಬಂ 'ದ ವೇಟಿಂಗ್ ಗೇಮ್'. ಅದರಲ್ಲಿ 'ಧ್ಯಾನ' ಎಂಬ ಹೆಸರಿನ ರಚನೆಯೂ ಇದೆ. ಮಾವ ಅದನ್ನು ಎರಡು ಸಲ ಹಾಕಿಸಿದರು. ಊಟಕ್ಕೆ ಏಳುವಾಗ ತಮ್ಮ ಮೊಬೈಲ್ ನನ್ನ ಕೈಗಿತ್ತು ನಾಲ್ಕನ್ನೂ ಅದಕ್ಕೆ ಹಾಕಿಕೊಡು ಎಂದರು. ಪಾಠಕ್ಕೆ ಬರುವ ಹುಡುಗನೊಬ್ಬ ಪಲ್ಲವಿ ಹಿಡಿದ ಕೂಡಲೇ ಓಡುತ್ತಾನಂತೆ, ಅವನಿಗೆ ಇದನ್ನು ಕೇಳಿಸಬೇಕಂತೆ.