ಅಡುಗೆ ತಂಡದ ಪಟ್ಟಿ

ಸೆಮಿಸ್ಟರಿನ ಕೊನೆಯ ವಾರಗಳಲ್ಲಿ ನಮ್ಮ ಸ್ಟಾಫ್ ರೂಮಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಶಾರ್ಟೇಜ್. ಹಾಜರಿ ಶೇಕಡಾ 75 ಮುಟ್ಟದವರ ಹೆಸರು ನೋಟಿಸ್ ಬೋರ್ಡಿಗೆ ಏರುತ್ತದೆ, ಮನೆಗೆ ಫೋನ್ ಹೋಗುತ್ತದೆ, ವಿಶ್ವವಿದ್ಯಾಲಯದ ಪೋರ್ಟಲಿನಲ್ಲಿ ಅವರ ಪರೀಕ್ಷಾ ಅರ್ಜಿಗೆ ಕಾಲೇಜಿನ ಲಾಗಿನ್‌ನಿಂದ ಅಪ್ರೂವಲ್ ಸಿಗುವುದಿಲ್ಲ. ನಾನು ಪಾಠ ಮಾಡುವುದು ಕನ್ನಡ. ಹಾಜರಿ ಸಮಿತಿಯ ಹೊಣೆಯೂ ನನ್ನ ತಲೆಯ ಮೇಲಿದೆ. ಈ ಸಲದ ಪಟ್ಟಿಯಲ್ಲಿದ್ದ ಒಂದು ಹೆಸರಿನ ವಿಷಯದಲ್ಲಿ ನನಗೆ ಇನ್ನೂ ಸಿಟ್ಟು ಇಳಿದಿಲ್ಲ.

ನಮ್ಮದು ಕರಾವಳಿಯ ಸಣ್ಣ ಊರೊಂದರ ಕಥೊಲಿಕ್ ಪದವಿ ಕಾಲೇಜು. 1880ರಲ್ಲಿ ಜೆಸ್ವಿಟರು ಮಂಗಳೂರಿನಲ್ಲಿ ಆರಂಭಿಸಿದ ಸಂತ ಅಲೋಶಿಯಸ್, 1921ರಲ್ಲಿ ಅಪೊಸ್ತಲಿಕ್ ಕಾರ್ಮೆಲ್ ಭಗಿನಿಯರು ಹೆಣ್ಣುಮಕ್ಕಳಿಗಾಗಿ ತೆರೆದ ಸಂತ ಆಗ್ನೆಸ್, 1958ರಲ್ಲಿ ಪುತ್ತೂರಿನಲ್ಲಿ ಶುರುವಾದ ಸಂತ ಫಿಲೋಮಿನಾ, ಇವುಗಳ ಹೆಸರು ಎಲ್ಲರಿಗೂ ಗೊತ್ತು. ನಮ್ಮಂಥವು ಹಾಗಲ್ಲ. ಚರ್ಚಿನ ಪಕ್ಕದ ಹೈಸ್ಕೂಲು ಬೆಳೆದು ಪಿಯು ಆಯಿತು, ಪಿಯು ಬೆಳೆದು ಪದವಿ ಆಯಿತು. ಮಧ್ಯಾಹ್ನ ಹನ್ನೆರಡಕ್ಕೆ ಚರ್ಚಿನ ಗಂಟೆ ಹೊಡೆದರೆ ಪಾಠ ಒಂದು ನಿಮಿಷ ನಿಲ್ಲುತ್ತದೆ. ವಾರಕ್ಕೊಂದು ಪೀರಿಯಡ್ ಕಥೊಲಿಕ್ ಮಕ್ಕಳಿಗೆ ಧರ್ಮಶಿಕ್ಷಣ, ಉಳಿದವರಿಗೆ ಮೌಲ್ಯಶಿಕ್ಷಣ. ಸೆಪ್ಟೆಂಬರ್ 8ರಂದು ಮರಿಯಳ ಹುಟ್ಟುಹಬ್ಬವಾಗಿ ಆಚರಿಸುವ ಮೊಂತಿ ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ನೊವೆನಾ ಪ್ರಾರ್ಥನೆಯಲ್ಲಿ ಬಾಲೆ ಮರಿಯಳಿಗೆಂದು ಮಕ್ಕಳು ಮನೆಯಂಗಳದ ಹೂ ತರುತ್ತಾರೆ. ಬುಟ್ಟಿಯಲ್ಲಿರುವ ಸೇವಂತಿಗೆ ಯಾವ ಜಾತಿಯ ಮನೆಯದೆಂದು ನಮ್ಮಲ್ಲಿ ಯಾರೂ ಕೇಳಿದ್ದಿಲ್ಲ. ಈ ಕಾಲೇಜಿನ ಮೇಲೆ ನನಗಿರುವ ಪ್ರೀತಿಯ ಅರ್ಧ ಪಾಲು ಆ ಹೂಬುಟ್ಟಿಗೇ ಸಲ್ಲಬೇಕು.

ಬಿ.ಎ. ವಿಭಾಗಕ್ಕೆ ಮಾತ್ರ ಕಷ್ಟಕಾಲ. ಬಂದವರೆಲ್ಲ ಬಿ.ಕಾಂ. ಕೇಳುತ್ತಾರೆ. 2021ರಲ್ಲಿ ಹೊಸ ಶಿಕ್ಷಣ ನೀತಿ ಬಂದಾಗ ಮುಕ್ತ ಆಯ್ಕೆಯ ಪತ್ರಿಕೆಗಳಲ್ಲಿ ವಾಣಿಜ್ಯದ ಮಕ್ಕಳೂ ಬಂದು ನಮ್ಮ ಬೆಂಚುಗಳಲ್ಲಿ ಕುಳಿತರು, ತರಗತಿಗೆ ಜೀವ ಬಂತು. 2024ರಲ್ಲಿ ರಾಜ್ಯ ಆ ನೀತಿ ಬಿಟ್ಟು ಮತ್ತೆ ಮೂರು ವರ್ಷದ ಪದವಿಗೆ ಮರಳಿತು. ಆ ಬದಲಾವಣೆಯ ಹೊತ್ತಿನಲ್ಲಿ ಒಂದು ತರಗತಿಗೆ ಹೊಸ ಪಠ್ಯ, ಪಕ್ಕದ ತರಗತಿಗೆ ಹಳೆಯದು. ಇಷ್ಟೇ ಜನ ಅಧ್ಯಾಪಕರು ಎರಡನ್ನೂ ಎಳೆಯಬೇಕಾಯಿತು. ಇತಿಹಾಸ ಆಯ್ದುಕೊಂಡವರು ಅಂತಿಮ ವರ್ಷದಲ್ಲಿ ಒಂದು ಉದ್ದ ಬೆಂಚಿನಲ್ಲಿ ಹಿಡಿಸುವಷ್ಟೇ ಇದ್ದಾರೆ. ಪಟ್ಟಿಯಲ್ಲಿದ್ದ ಹುಡುಗ ಅವರಲ್ಲೊಬ್ಬ. ಶೇಕಡಾ 71.

ಅವನು ರಾತ್ರಿ ಕ್ಯಾಟರಿಂಗಿಗೆ ಹೋಗುತ್ತಾನೆ. ಕರಾವಳಿಯ ಕಾಲೇಜುಗಳಲ್ಲಿ ಇದು ಹೊಸದೇನಲ್ಲ. ಹುಡುಗರ ಹಾಜರಿ ಏರುವುದೂ ಇಳಿಯುವುದೂ ಮದುವೆಯ ಲೆಕ್ಕದಲ್ಲಿ. ವಿಭೂತಿ ಬುಧವಾರದಿಂದ ಈಸ್ಟರ್‌ವರೆಗೆ ಚರ್ಚಿನಲ್ಲಿ ಸಾಮಾನ್ಯವಾಗಿ ಮದುವೆ ಇಲ್ಲ, ಆಗ ಮೊದಲ ಪೀರಿಯಡ್ ತುಂಬಿರುತ್ತದೆ. ತುಳುವರ ಆಟಿ ತಿಂಗಳಲ್ಲೂ ಧನುರ್ಮಾಸದಲ್ಲೂ ಹಿಂದೂ ಮನೆಗಳಲ್ಲಿ ಮುಹೂರ್ತವಿಲ್ಲ, ಆಗಲೂ ಹಾಗೆಯೇ. ಈಸ್ಟರ್ ಮುಗಿದರೆ ಮದುಮಕ್ಕಳಿಗೆ ತೆಂಗಿನ ಹಾಲು ಹಚ್ಚುವ ರೋಸ್, ಮದುವೆ, ಮೆಹೆಂದಿ, ಗೃಹಪ್ರವೇಶ ಒಂದರ ಹಿಂದೆ ಒಂದು. ರಾತ್ರಿ ಒಂದು ಗಂಟೆಯವರೆಗೆ ಹಂಡೆ ತೊಳೆದವನು ಒಂಬತ್ತೂವರೆಗೆ ಬೆಂಚಿನಲ್ಲಿ ಕುಳಿತಿರಬೇಕೆಂದು ನಾವು ಬಯಸುತ್ತೇವೆ. ಅವನ ಸಂಪಾದನೆಯಲ್ಲೇ ತಂಗಿಯ ಪಿಯು ಫೀಸು ಕಟ್ಟಿದೆ ಎಂದು ನಮಗೆ ಗೊತ್ತಾದದ್ದು ಪಟ್ಟಿ ಏರಿದ ಮೇಲೆ. ಅಧ್ಯಾಪಕರು ತಮಗೆ ಒಪ್ಪಿಸಿದ ವಿದ್ಯಾರ್ಥಿಗಳ ಕಷ್ಟಸುಖ ಕೇಳಿ ಬರೆದಿಡಬೇಕಾದ ಮೆಂಟರ್ ಪುಸ್ತಕದಲ್ಲಿ ಅವನ ಪುಟ ತುಂಬ ಇರುವುದು ಒಂದೇ ಮಾತು: 'ಸಮಸ್ಯೆ ಇಲ್ಲ'. ಕೆಳಗೆ ತಿಂಗಳಿಗೊಂದು ಸಹಿ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬಂದಾಗ ತೋರಿಸಲು ಆ ಪುಸ್ತಕಗಳಿಗೆಲ್ಲ ನೀಲಿ ರಟ್ಟು ಹಾಕಿಸಿ ಕಪಾಟಿನಲ್ಲಿ ಜೋಡಿಸಿದ್ದಾರೆ.

ಅರ್ಜಿಯ ಕೊನೆಯ ದಿನ ಬೆಳಿಗ್ಗೆ ಸಮಿತಿ ಸೇರಿತು. 'ಉಡಾಫೆ ಹುಡುಗ, ಒಂದು ಸಲ ಪಾಠ ಕಲಿಯಲಿ' ಎಂದರು ಒಬ್ಬರು. ಪ್ರಾಂಶುಪಾಲರಾದ ಫಾದರ್ ಹಾಜರಿ ತಂತ್ರಾಂಶದ ಮುದ್ರಿತ ಪ್ರತಿಯನ್ನು ಮತ್ತೆ ಮತ್ತೆ ನೋಡಿ, ಅಂಕಿ ಇದ್ದದ್ದು ಇದ್ದ ಹಾಗೆ ಇರಲಿ, ತಾವು ತಿದ್ದುವುದಿಲ್ಲ ಎಂದರು. ಅದನ್ನು ನಾನು ತಪ್ಪೆನ್ನಲಾರೆ. ಒಬ್ಬನಿಗಾಗಿ ಅಂಕಿ ತಿದ್ದಿದರೆ ಮುಂದಿನ ವರ್ಷ ಸಂಚಾಲಕರ ಶಿಫಾರಸು ಹಿಡಿದುಕೊಂಡು ಹತ್ತು ಜನ ಬಾಗಿಲಲ್ಲಿರುತ್ತಾರೆ.

ಮಧ್ಯಾಹ್ನದ ಹೊತ್ತಿಗೆ ಅವನ ತಾಯಿ ಬಂದರು. ತಾವು ಕಟ್ಟಿದ ಆ ದಿನದ ಬೀಡಿಯನ್ನು ಬೀಡಿ ಕಂಪನಿಯ ಬ್ರಾಂಚಿಗೆ ಕೊಟ್ಟು, ಅಲ್ಲಿಂದಲೇ ಬಸ್ಸು ಹಿಡಿದು ಬಂದಿದ್ದರು. ಉಗುರಿನ ಸಂದಿಯಲ್ಲಿ ಹೊಗೆಸೊಪ್ಪಿನ ಕಂದು ಬಣ್ಣ ಹಾಗೇ ಇತ್ತು. 'ದಿನಾ ಕಾಲೇಜಿಗೆಂದೇ ಹೊರಡುತ್ತಾನಲ್ಲ ಮೇಡಂ' ಎಂದಷ್ಟೇ ಹೇಳಿ ಬೆಂಚಿನ ತುದಿಯಲ್ಲಿ ಕುಳಿತರು. ಅವರನ್ನು ಚಹಾ ಕುಡಿಸಲು ಕ್ಯಾಂಟೀನಿಗೆ ಕರೆದುಕೊಂಡು ಹೋದೆ. ಅಲ್ಲಿ ಬಾಯಮ್ಮ ವಿಷಯ ಕೇಳಿಸಿಕೊಂಡು ಲೋಟ ತೊಳೆಯುತ್ತಿದ್ದ ಕೈಯನ್ನು ಹಾಗೆಯೇ ನಿಲ್ಲಿಸಿದರು.

'ಕ್ಯಾಂಪಿನ ದಿನಗಳನ್ನು ಹಿಡಿದಿದ್ದೀರಾ ಮೇಡಂ? ಮಾರ್ಚಿನಲ್ಲಿ ಏಳು ದಿನವೂ ನನ್ನ ಜೊತೆ ಒಲೆಯ ಮುಂದೆ ಇದ್ದವನು ಅವನೇ ಅಲ್ಲವೇ?'

ಎನ್ನೆಸ್ಸೆಸ್ಸಿನ, ಅಂದರೆ ರಾಷ್ಟ್ರೀಯ ಸೇವಾ ಯೋಜನೆಯ, ವಿಶೇಷ ಶಿಬಿರ ಏಳು ದಿನದ್ದು. ಅದರಲ್ಲಿ ಬಿದ್ದ ಕಾಲೇಜು ದಿನಗಳಿಗೆ ಸ್ವಯಂಸೇವಕರಿಗೆ ಓ.ಡಿ. (ಆನ್ ಡ್ಯೂಟಿ ಎಂದು ಹಾಜರಿ) ಕೊಡಬೇಕು, ಕೊಟ್ಟೂ ಇದ್ದೆವು. ಆದರೆ ಶ್ರಮದಾನ, ಸರ್ವೆ, ಸಾಂಸ್ಕೃತಿಕ ತಂಡಗಳ ಪಟ್ಟಿ ಟೈಪ್ ಆಗಿ ಕಚೇರಿಗೆ ಬಂದಿತ್ತು; ಅಡುಗೆ ತಂಡದ ಪಟ್ಟಿ ಶಿಬಿರದ ದಿನಚರಿ ಪುಸ್ತಕದಲ್ಲಿ ಪೆನ್ಸಿಲಿನಲ್ಲೇ ಉಳಿದಿತ್ತು. ಪುಸ್ತಕ ತರಿಸಿದೆ. ದಿನಸಿ ಲೆಕ್ಕದ ಪುಟದ ಹಿಂಬದಿಯಲ್ಲಿ, ಕುಚ್ಚಲಕ್ಕಿ ಇಷ್ಟು, ತೆಂಗಿನಕಾಯಿ ಇಷ್ಟು ಎಂಬ ಸಾಲುಗಳ ಕೆಳಗೆ ಐವರ ಹೆಸರು, ಪ್ರತಿದಿನದ ಸಹಿ, ಶಿಬಿರಾಧಿಕಾರಿಯ ಮೊಹರು. ಎರಡನೆಯ ಹೆಸರು ಅವನದು. ಕ್ಯಾಲ್ಕುಲೇಟರಿನಲ್ಲಿ ಕೂಡಿಸಿದರೆ 76 ದಾಟಿತು. ಉಳಿದ ನಾಲ್ವರಿಗೆ ಹಾಜರಿ ಬೇಕಾದಷ್ಟು ಇದ್ದುದರಿಂದ ಅವರು ಯಾರೂ ಕೇಳಿರಲಿಲ್ಲ. ಇವನು ಯಾಕೆ ಕೇಳಲಿಲ್ಲ? 'ಅಡುಗೆಗೆ ಓ.ಡಿ. ಸಿಗುತ್ತದೆ ಎಂದು ಗೊತ್ತಿರಲಿಲ್ಲ ಮೇಡಂ' ಎಂದ.

ಆಗ ಮೂರೂವರೆ. ಪೋರ್ಟಲ್ ಮುಚ್ಚುವುದು ನಾಲ್ಕಕ್ಕೆ. ಫಾದರ್ ಸಹಿ ಮಾಡಬೇಕು, ಮೇಲಾಗಿ ಕಾಲೇಜು ಲಾಗಿನ್‌ನ ಓ.ಟಿ.ಪಿ. ಹೋಗುವುದು ಅವರ ಮೊಬೈಲಿಗೆ. ಫಾದರ್ ಮೂರು ಗಂಟೆಗೆ ಮರಣದ ಪೂಜೆಗೆಂದು ಚರ್ಚಿಗೆ ಹೋಗಿದ್ದರು. ಗುಮಾಸ್ತರು ಫೋನ್ ಮಾಡಿದರು, ರಿಂಗ್ ಆಗಿ ನಿಂತಿತು.

ಪುಸ್ತಕ ಹಿಡಿದುಕೊಂಡು ಚರ್ಚಿನ ಪಕ್ಕದ ಬಾಗಿಲಿಗೆ ಹೋದೆ. ಒಳಗೆ ಸತ್ತವರ ಮನೆಯವರು ಮೊದಲ ಸಾಲುಗಳಲ್ಲಿ ಕುಳಿತಿದ್ದಾರೆ, ಕೊಂಕಣಿಯಲ್ಲಿ ಪ್ರಾರ್ಥನೆ ಸಾಗಿದೆ. ಪೂಜೆಯ ನಡುವೆ ಗುರುಗಳನ್ನು ಕರೆಯುವ ಮಾತೇ ಇಲ್ಲ. ಪೂಜೆಯ ಉಡುಪು ತೊಡುವ ಕೋಣೆಯ ಮೇಜಿನ ಮೇಲೆ ಫಾದರ್ ಮೊಬೈಲ್ ಮಗುಚಿ ಇಟ್ಟಿತ್ತು, ಕೈಚಾಚಿದರೆ ಸಿಗುವ ಹಾಗೆ. ಅವರ ಫೋನನ್ನು ನಾನು ಮುಟ್ಟುವುದು ಸರಿಯಲ್ಲ. ಗೋಡೆಗೆ ಒರಗಿ ನಿಂತೆ. ಪರಮಪ್ರಸಾದಕ್ಕೆ ಸಾಲು ನಿಂತಿತು, ಸಾಲು ಕರಗಿತು. ಕೊನೆಯ ಆಶೀರ್ವಾದ ಮುಗಿಸಿ, ಶವದ ಜೊತೆ ಸಮಾಧಿಗೆ ಹೊರಡುವ ಮುಂಚೆ ಫಾದರ್ ಒಳಗೆ ಬಂದಾಗ ಗಡಿಯಾರದಲ್ಲಿ ನಾಲ್ಕಕ್ಕೆ ಒಂಬತ್ತು ನಿಮಿಷವಿತ್ತು. ಪುಟ ತೋರಿಸಿದೆ. ಅವರು ಹೆಸರಿನ ಮೇಲೆ ಬೆರಳಿಟ್ಟು ಓದಿದರು, ಮೊಹರು ನೋಡಿದರು, ಸಹಿ ಮಾಡಿದರು. ಕಚೇರಿಗೆ ಫೋನ್ ಮಾಡಿ ಓ.ಟಿ.ಪಿ.ಯ ಅಂಕಿಗಳನ್ನು ತಾವೇ ಓದಿ ಹೇಳಿದರು. ಅತ್ತ ಕಡೆ ಪೋರ್ಟಲಿನ ಪುಟ ತೆರೆಯದೆ ಸುತ್ತುತ್ತಲೇ ಇತ್ತು. ಮೊದಲನೆಯ ಓ.ಟಿ.ಪಿ. ಅವಧಿ ಮೀರಿತು. ಹೊರಗೆ ಬ್ಯಾಂಡಿನವರು ಕಾಯುತ್ತಿದ್ದರು. ಎರಡನೆಯದು ಬಂತು, ಗುಮಾಸ್ತರು 'ಆಯಿತು ಫಾದರ್' ಎಂದರು. ಫಾದರ್ ಫೋನನ್ನು ಅಲ್ಲೇ ಬಿಟ್ಟು ಸಮಾಧಿಗೆ ಹೊರಟರು.

ಸಣ್ಣ ಕಾಲೇಜು ಎಂದರೆ ಪ್ರತಿಯೊಬ್ಬ ವಿದ್ಯಾರ್ಥಿಯೂ ನಮಗೆ ಗೊತ್ತು ಎಂದು ಪ್ರವೇಶಾತಿಯ ಕರಪತ್ರದಲ್ಲಿ ಅಚ್ಚು ಹಾಕಿಸುತ್ತೇವೆ. ದೊಡ್ಡ ಕಟ್ಟಡ, ದೊಡ್ಡ ಪ್ರಯೋಗಾಲಯ ಇಲ್ಲದ ನಮಗೆ ಹೇಳಿಕೊಳ್ಳಲು ಇರುವುದೂ ಅದೊಂದೇ. ಆ ಮಾತು ನಿಜವಾಗಿರುವುದು ಕ್ಯಾಂಟೀನಿನಲ್ಲಿ. ಯಾರು ಊಟ ಬಿಟ್ಟರು, ಯಾರ ಕಣ್ಣು ಕೆಂಪಾಗಿದೆ ಎಂದು ನೋಡುವವರು ಬಾಯಮ್ಮ. ಮೆಂಟರ್ ಸಭೆಗೆ ಅವರನ್ನು ಕರೆಯುವುದಿಲ್ಲ. ಹಾಸ್ಟೆಲಿನ ವಾರ್ಡನ್ ಸಿಸ್ಟರನ್ನೂ ಕರೆಯುವುದಿಲ್ಲ.

ಮುಂದಿನ ಸ್ಟಾಫ್ ಮೀಟಿಂಗಿನಲ್ಲಿ ಇದನ್ನೇ ಎತ್ತಿದೆ. ಶಿಬಿರ ಮುಗಿದ ವಾರದೊಳಗೆ ಎಲ್ಲ ತಂಡಗಳ ಪಟ್ಟಿಯೂ ಕಚೇರಿಗೆ ಬರಬೇಕು, ಅಡುಗೆಯವರದೂ ಸೇರಿ ಎಂಬುದಕ್ಕೆ ಒಪ್ಪಿಗೆ ಸಿಕ್ಕಿದೆ. ಪಟ್ಟಿ ನೋಟಿಸ್ ಬೋರ್ಡಿಗೆ ಏರುವ ಮುಂಚೆ ಪ್ರತಿಯೊಬ್ಬರನ್ನೂ ಕೂರಿಸಿ ಕೇಳಬೇಕು ಎಂಬುದಕ್ಕೂ ಸಿಕ್ಕಿದೆ. ಮೆಂಟರ್ ಭೇಟಿಯನ್ನು ಕ್ಯಾಂಟೀನಿನಲ್ಲೇ ಮಾಡೋಣ, ಬಾಯಮ್ಮನೂ ಕುಳಿತಿರಲಿ ಎಂದಾಗ, ಅದಕ್ಕೆ ಜಿಯೋಟ್ಯಾಗ್ (ತೆಗೆದ ಜಾಗದ ಗುರುತು) ಇರುವ ಫೋಟೋ ದಾಖಲೆಯಾಗಿ ನಡೆಯುತ್ತದೆಯೇ ಎಂಬ ಪ್ರಶ್ನೆಯಲ್ಲಿ ಚರ್ಚೆ ನಿಂತಿತು. ಈಸ್ಟರ್ ನಂತರದ ವಾರಗಳಲ್ಲಿ ಅಂತಿಮ ಬಿ.ಎ.ಗೆ ಮುಖ್ಯ ಪತ್ರಿಕೆಯನ್ನು ಮೊದಲ ಪೀರಿಯಡಿನಲ್ಲಿ ಇಡಬೇಡಿ ಎಂದೂ ಕೇಳಿದ್ದೇನೆ. ಅದನ್ನು ದಿನದ ಕೊನೆಗೆ ತಳ್ಳಿದರೆ ಹಳ್ಳಿಯಿಂದ ಬರುವ ಹೆಣ್ಣುಮಕ್ಕಳಿಗೆ ಸಂಜೆ ಬಸ್ಸು ತಪ್ಪುತ್ತದೆ ಎಂಬುದು ಫಾದರ್ ಆಕ್ಷೇಪ, ಅದು ಸರಿಯಾದ ಆಕ್ಷೇಪವೇ. ಹಾಗಾದರೆ ನನ್ನ ಕನ್ನಡ ಪೀರಿಯಡನ್ನು ಮೊದಲಿಗೆ ಹಾಕಿ, ನನ್ನ ತರಗತಿಯಲ್ಲಿ ತಪ್ಪಿಸಿಕೊಂಡವರಿಗೆ ಮಧ್ಯಾಹ್ನ ಮತ್ತೆ ಪಾಠ ಮಾಡುತ್ತೇನೆ ಎಂದು ಬರೆದುಕೊಟ್ಟಿದ್ದೇನೆ. ಉತ್ತರ ಬರುವವರೆಗೆ ಕೇಳುತ್ತಲೇ ಇರುತ್ತೇನೆ.